ಲಾನಿಗೆ ಹೊಡೆದ ಔಷಧಿ ನಾಟುತ್ತಿಲ್ಲವೇ?

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಹೊರವಲಯದ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಆಟದ ಮೈದಾನ ನೋಡಿಕೊಳ್ಳುವ ಮಾಲಿ ಶೆಡ್ಡಿನಿಂದ ಮೂರು ಬಾಟಲಿ ತಂದು ನನ್ನ ಮುಂದಿಟ್ಟರು. "ಒಂದಾದ ಮೇಲೊಂದು ಮೂರು ಥರದ್ದು ಹೊಡೆದೆ ಸಾರ್. ಮೊದಲನೇದು ಹೋದ ವರ್ಷ ಚೆನ್ನಾಗಿ ನಾಟ್ತಿತ್ತು. ಈ ಸಲ ಯಾವುದೂ ನಾಟ್ತಿಲ್ಲ" ಎಂದರು. ಬಾಟಲಿಗಳ ಬಣ್ಣ ಬೇರೆ, ಕಂಪನಿ ಬೇರೆ, ಬೆಲೆಯೂ ಬೇರೆ. ಹಿಂಬದಿಯ ಸಣ್ಣ ಅಕ್ಷರ ಓದಿದೆ. ಒಂದರಲ್ಲಿ ಹೆಕ್ಸಾಕೊನಜೋಲ್, ಇನ್ನೊಂದರಲ್ಲಿ ಪ್ರೊಪಿಕೊನಜೋಲ್, ಮತ್ತೊಂದರಲ್ಲಿ ಟೆಬುಕೊನಜೋಲ್. ಮೂರೂ ಒಂದೇ ಮನೆಯ ಮಕ್ಕಳು. ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ವಸ್ತು ತಯಾರಾಗದಂತೆ ತಡೆಯುವುದೇ ಮೂರರ ಕೆಲಸ. ಮೊದಲನೆಯದಕ್ಕೆ ಬಗ್ಗದ ಶಿಲೀಂಧ್ರ ಉಳಿದೆರಡಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಆ ಮೈದಾನದಲ್ಲಿ ಮೂರು ಸಲ ಬಾಟಲಿ ಬದಲಾಗಿತ್ತು, ಔಷಧಿ ಬದಲಾಗಿರಲಿಲ್ಲ.

ಅಪಾರ್ಟ್‌ಮೆಂಟು, ರೆಸಾರ್ಟು, ಕಾಲೇಜು ಮೈದಾನ, ಗಾಲ್ಫ್ ಕೋರ್ಸು, ಎಲ್ಲ ಕಡೆಯೂ ಈಗ ಹುಲ್ಲುಹಾಸಿಗೆ ಔಷಧಿ ಹೊಡೆಯುತ್ತಾರೆ. ಕೈಯಲ್ಲಿರುವ ಔಷಧಿಗಳು ಬೆರಳೆಣಿಕೆಯಷ್ಟು. ಅವುಗಳ ಕಸುವು ಉಳಿಯಬೇಕಾದರೆ ಏನು ಮಾಡಬೇಕೆಂದು ಇಲ್ಲಿ ಹೇಳುತ್ತೇನೆ.

ಔಷಧಿಗೆ ಶಿಲೀಂಧ್ರ ಬಗ್ಗದಿರುವುದು ಹೇಗೆ?

ಶಿಲೀಂಧ್ರಕ್ಕೆ ಔಷಧಿ 'ಅಭ್ಯಾಸವಾಗುತ್ತದೆ' ಎನ್ನುವವರಿದ್ದಾರೆ. ನಡೆಯುವುದು ಬೇರೆ. ಒಂದು ಲಾನಿನಲ್ಲಿರುವ ಕೋಟ್ಯಂತರ ಶಿಲೀಂಧ್ರಗಳಲ್ಲಿ ಎಲ್ಲೋ ಒಂದೆರಡು, ಹುಟ್ಟಿನಿಂದಲೇ ಆ ಔಷಧಿಗೆ ಸಾಯದಂಥವು ಇರಬಹುದು. ಔಷಧಿ ಬೀಳುವವರೆಗೆ ಅವುಗಳಿಗೆ ವಿಶೇಷ ಅನುಕೂಲವೇನೂ ಇಲ್ಲ. ಔಷಧಿ ಬಿದ್ದಾಗ ಮಿಕ್ಕವೆಲ್ಲ ಸತ್ತು ಜಾಗ ಖಾಲಿಯಾಗುತ್ತದೆ, ಉಳಿದವು ಹಬ್ಬುತ್ತವೆ. ರೈತ ಮುಂದಿನ ಬಿತ್ತನೆಗೆ ಒಳ್ಳೆಯ ತೆನೆ ಆರಿಸಿ ಎತ್ತಿಡುವ ಹಾಗೆ, ನಾವು ಪ್ರತಿ ಸಿಂಪಡಣೆಯಲ್ಲೂ ಔಷಧಿಗೆ ಸಾಯದ ಶಿಲೀಂಧ್ರವನ್ನೇ ಆರಿಸಿ ಬಿತ್ತುತ್ತಿರುತ್ತೇವೆ.

ಇದಕ್ಕೆ ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಐವತ್ತು ವರ್ಷಕ್ಕೂ ಹೆಚ್ಚಿನ ಕಥೆಯಿದೆ. ಅಲ್ಲಿ ಹೆಚ್ಚು ಔಷಧಿ ನುಂಗುವ ಕಾಯಿಲೆಗಳಲ್ಲಿ ಡಾಲರ್ ಸ್ಪಾಟ್ ಒಂದು. ನಮ್ಮ ಗರಿಕೆಯನ್ನೂ ಅದು ಬಿಡುವುದಿಲ್ಲ. 1970ರ ದಶಕದ ಆರಂಭದಲ್ಲೇ ಬೆಂಜಿಮಿಡಜೋಲ್ ಗುಂಪು, ಅಂದರೆ ನಮ್ಮ ಕಾರ್ಬೆಂಡಜಿಮ್‌ನ ಕುಟುಂಬ, ಅದರ ಮೇಲೆ ಸೋಲತೊಡಗಿತು. 1980ರ ದಶಕದಲ್ಲಿ ಇಪ್ರೊಡಿಯೋನ್, 1990ರ ದಶಕದಲ್ಲಿ ಕೊನಜೋಲ್‌ಗಳು ಅದೇ ಹಾದಿ ಹಿಡಿದವು. ಇನ್ನೊಂದು ಕಾಯಿಲೆ ಬೂದು ಎಲೆಚುಕ್ಕೆ. ಅದನ್ನು ತರುವುದು ಭತ್ತದ ಬೆಂಕಿ ರೋಗದ ಶಿಲೀಂಧ್ರದ ಒಡಹುಟ್ಟು. ಅಜೋಕ್ಸಿಸ್ಟ್ರೋಬಿನ್ ಮಾರುಕಟ್ಟೆಗೆ ಬಂದ ನಾಲ್ಕೈದು ವರ್ಷದೊಳಗೆ, 2000ದಲ್ಲಿ, ಅಲ್ಲಿನ ರೈ ಹುಲ್ಲಿನ ಮೇಲೆ ಈ ಶಿಲೀಂಧ್ರ ಅದಕ್ಕೆ ಸೊಪ್ಪು ಹಾಕದೆ ಬೆಳೆದು ನಿಂತಿತ್ತು. ಶಿಲೀಂಧ್ರದ ಒಂದು ಪ್ರೋಟೀನಿನ ಸರಪಳಿಯಲ್ಲಿ 143ನೇ ಕೊಂಡಿಯೊಂದು ಬದಲಾದರೆ ಅಷ್ಟು ದುಬಾರಿ ಔಷಧಿಯೂ ನೀರಿಗೆ ಸಮ.

ಮಲೆನಾಡಿನ ತೋಟದವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣ ಹೇಳಿಕೊಟ್ಟ ಕಾಲದಿಂದ ಇವತ್ತಿನವರೆಗೆ ಗೊನೆಗಳಿಗೆ ಅದನ್ನೇ ಹೊಡೆಯುತ್ತಿದ್ದೇವೆ, ಅದಕ್ಕೇಕೆ ಹೀಗಾಗಲಿಲ್ಲ ಎಂದು. ಅದರಲ್ಲಿರುವ ತಾಮ್ರ ಶಿಲೀಂಧ್ರದ ಒಳಗೆ ಒಂದೇ ಕಡೆ ಕೈಹಾಕುವುದಿಲ್ಲ, ಹತ್ತಾರು ಕಡೆ ಏಕಕಾಲಕ್ಕೆ ಕೆಡಿಸುತ್ತದೆ. ಅಷ್ಟೂ ಕಡೆ ಒಮ್ಮೆಗೇ ಬದಲಾದ ಶಿಲೀಂಧ್ರ ಹುಟ್ಟುವುದು ಬಲು ಅಪರೂಪ. ಮ್ಯಾಂಕೋಜೆಬ್, ಕ್ಲೋರೋಥಲೋನಿಲ್, ಕ್ಯಾಪ್ಟಾನ್‌ಗಳದ್ದೂ ಇದೇ ಗುಣ. ಹಾಗಂತ ಲಾನಿಗೆ ಬೋರ್ಡೊ ಹೊಡೆಯಲು ಹೋಗಬೇಡಿ. ಹುಲ್ಲಿನ ಗರಿ ಸುಡಬಹುದು, ಪದೇಪದೇ ಹೊಡೆದರೆ ತಾಮ್ರ ಮಣ್ಣಿನಲ್ಲೇ ಕೂರುತ್ತದೆ.

ಮೊದಲು, ಅದು ಕಾಯಿಲೆಯೇ ಎಂದು ನೋಡಿ

ಒಣಗಿದ ಮಚ್ಚೆಯೆಲ್ಲ ಶಿಲೀಂಧ್ರವಲ್ಲ. ನಾಯಿ ಮೂತ್ರ, ಮೊವರ್‌ನಿಂದ ಸೋರಿದ ಪೆಟ್ರೋಲ್, ಬೇರು ತಿನ್ನುವ ಗೊಣ್ಣೆಹುಳು, ಮೊಂಡು ಬ್ಲೇಡು, ಮಣ್ಣಿನಡಿಯ ಕಟ್ಟಡದ ಕಲ್ಲುಚೂರು, ಯಾವುದರಿಂದಲೂ ಹುಲ್ಲು ಒಣಗುತ್ತದೆ. ಬೆಳಿಗ್ಗೆ ಆರಕ್ಕೆ, ಇಬ್ಬನಿ ಆರುವ ಮುಂಚೆ ಹೋಗಿ ಮಂಡಿಯೂರಿ ನೋಡಿ. ಡಾಲರ್ ಸ್ಪಾಟ್ ಆದರೆ ಪಾನಿಪೂರಿಯ ಪೂರಿಯಷ್ಟಗಲದ ಹುಲ್ಲುಬಣ್ಣದ ಮಚ್ಚೆಗಳಿರುತ್ತವೆ, ಅದರ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಕಾಣಬಹುದು. ಗರಿಯೊಂದನ್ನು ಕಿತ್ತು ನೋಡಿದರೆ ನಡುವೆ ಬಿಳಿಚಿ, ಅಂಚಿನಲ್ಲಿ ಕೆಂಗಂದು ಗೆರೆ ಇರುತ್ತದೆ. ಮಳೆನೀರು ನಿಂತ ತಗ್ಗಿನಲ್ಲಿ ಹುಲ್ಲು ರಾತ್ರೋರಾತ್ರಿ ಜಿಡ್ಡುಜಿಡ್ಡಾಗಿ ಕೊಳೆತು ಮಲಗಿದ್ದರೆ ಅನುಮಾನ ಪಿಥಿಯಂ ಎಂಬ ರೋಗಾಣುವಿನ ಕಡೆಗೆ.

ಈ ವ್ಯತ್ಯಾಸ ತಿಳಿಯದೆ ಔಷಧಿ ಹಿಡಿಯಬಾರದು. ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲ, ಅದರ ಮೇಲೆ ಕಾರ್ಬೆಂಡಜಿಮ್ ಕೆಲಸ ಮಾಡುವುದೂ ಇಲ್ಲ. ಹೊಡೆದದ್ದು ವ್ಯರ್ಥ. ಸಾಲದ್ದಕ್ಕೆ ಅದೇ ಹುಲ್ಲಿನಲ್ಲಿ ಸುಮ್ಮನಿದ್ದ ಬೇರೆ ಶಿಲೀಂಧ್ರಗಳಲ್ಲಿ ಬಗ್ಗದವನ್ನು ಆರಿಸಿಟ್ಟ ಹಾಗಾಯಿತು.

ಔಷಧಿ ಬೇಕಾಗದಂತೆ ಮಾಡುವ ಕೆಲಸ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಹೊಡೆಯದ ಔಷಧಿಗೆ ಯಾವ ಶಿಲೀಂಧ್ರವೂ ಗಟ್ಟಿಯಾಗುವುದಿಲ್ಲ. ನಾಲ್ಕು ಸಿಂಪಡಣೆ ಎರಡಕ್ಕಿಳಿದರೆ ಆರಿಸುವ ಕೆಲಸವೂ ಅರ್ಧಕ್ಕಿಳಿಯುತ್ತದೆ.

ಕಾಯಿಲೆಗೆ ಬೇಕಾದದ್ದು ಒದ್ದೆ ಗರಿ. ಸಂಜೆ ನೀರು ಬಿಡುವ ರೂಢಿ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿದೆ. ಹುಲ್ಲು ರಾತ್ರಿಯಿಡೀ ನೆನೆದು, ಮೇಲೆ ಇಬ್ಬನಿಯೂ ಸೇರಿ ಹನ್ನೆರಡು ಗಂಟೆ ಒದ್ದೆಯಾಗಿಯೇ ಇರುತ್ತದೆ. ನೀರನ್ನು ಸೂರ್ಯ ಹುಟ್ಟುವ ಹೊತ್ತಿಗೆ ಬಿಡಿ, ಬೇರಿಗೆ ಇಳಿಯುವಷ್ಟು ಬಿಡಿ, ಮತ್ತೆ ಮಣ್ಣು ಒಣಗುವವರೆಗೆ ಕಾಯಿರಿ. ನೀರು ಬಿಡದ ದಿನ ಬೆಳಿಗ್ಗೆ ಇಬ್ಬನಿ ಕೊಡವಿ. ರಾತ್ರಿ ಪಂದ್ಯಗಳಲ್ಲಿ ಕ್ರಿಕೆಟ್ ಮೈದಾನದ ಸಿಬ್ಬಂದಿ ಇಬ್ಬರು ಎರಡು ತುದಿ ಹಿಡಿದು ಹಗ್ಗ ಎಳೆಯುವುದನ್ನು ನೋಡಿರುತ್ತೀರಿ. ಅದೇ ಹಗ್ಗ, ಅಥವಾ ನೀರಿನ ಪೈಪು, ನಿಮ್ಮ ಲಾನಿಗೂ ಸಾಕು. ಐದು ನಿಮಿಷದ ಕೆಲಸ.

ಗೊಬ್ಬರದಲ್ಲಿ ಒಂದು ಸೂಕ್ಷ್ಮವಿದೆ. ಸಾರಜನಕ ತೀರ ಕಡಿಮೆಯಾಗಿ ಹುಲ್ಲು ಬಡಕಲಾದರೆ ಡಾಲರ್ ಸ್ಪಾಟ್ ಹೆಚ್ಚುತ್ತದೆ. ಮಳೆಗಾಲದಲ್ಲಿ ಯೂರಿಯಾ ಸುರಿದು ಹುಲ್ಲು ಸೊಕ್ಕಿದರೆ ಪಿಥಿಯಂ, ಬೂದು ಎಲೆಚುಕ್ಕೆ, ರೈಜೋಕ್ಟೋನಿಯಾ ಶಿಲೀಂಧ್ರದ ಕಂದು ಮಚ್ಚೆ ಹೆಚ್ಚುತ್ತವೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ, ಕಂತಿನಲ್ಲಿ ಕೊಡಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ, ಬ್ಲೇಡು ಹರಿತವಿರಲಿ. ಬುಡದಲ್ಲಿ ಸತ್ತ ಹುಲ್ಲಿನ ಮೆತ್ತೆ ಒಂದು ಸೆಂಟಿಮೀಟರ್ ದಾಟಿದ್ದರೆ ಬಾಚಿ ತೆಗೆಯಿರಿ. ಗಾಳಿಗೆ ಅಡ್ಡವಾಗಿರುವ ಬೇಲಿಗಿಡದ ಕೆಳಗೊಂಬೆ ಸವರಿ.

ಬಾಟಲಿಯ ಮುಖ ಬಿಟ್ಟು ಬೆನ್ನು ಓದಿ

ಶಿಲೀಂಧ್ರನಾಶಕಗಳ ಪ್ರತಿರೋಧವನ್ನು ಗಮನಿಸಲೆಂದೇ 1981ರಲ್ಲಿ ಕಂಪನಿಗಳ ತಜ್ಞರ ಸಮಿತಿಯೊಂದು ಹುಟ್ಟಿತು. ಅದರ ಹೆಸರು ಫ್ರಾಕ್. ಯಾವ ಔಷಧಿ ಶಿಲೀಂಧ್ರದ ಯಾವ ಕೆಲಸ ತಡೆಯುತ್ತದೆ ಎಂಬುದನ್ನು ನೋಡಿ ಅದು ಗುಂಪುಗಳಿಗೆ ನಂಬರು ಕೊಟ್ಟಿದೆ. ಬಾಟಲಿಯ ಮೇಲೆ ಆ ನಂಬರು ಇಲ್ಲದಿದ್ದರೂ ಔಷಧಿಯ ರಾಸಾಯನಿಕ ಹೆಸರು ಇದ್ದೇ ಇರುತ್ತದೆ. ಹೆಸರಿನ ಬಾಲ ಹಿಡಿದರೆ ಗುಂಪು ಸಿಗುತ್ತದೆ. 'ಕೊನಜೋಲ್' ಎಂದು ಮುಗಿದರೆ 3ನೇ ಗುಂಪು, 'ಸ್ಟ್ರೋಬಿನ್' ಎಂದು ಮುಗಿದರೆ 11. ಕಾರ್ಬೆಂಡಜಿಮ್, ಥಯೋಫನೇಟ್ ಮಿಥೈಲ್ 1ನೇ ಗುಂಪು. ಇಪ್ರೊಡಿಯೋನ್ 2, ಮೆಟಲಾಕ್ಸಿಲ್ 4, ಬೋಸ್ಕಾಲಿಡ್ ಮತ್ತು ಫ್ಲಕ್ಸಾಪೈರಾಕ್ಸಾಡ್ 7. ಹತ್ತಾರು ಕಡೆ ಕೆಡಿಸುವ ಮ್ಯಾಂಕೋಜೆಬ್, ಕ್ಲೋರೋಥಲೋನಿಲ್ ಥರದವಕ್ಕೆ 'ಎಂ' ಅಕ್ಷರ. ಒಂದು ಮಾರ್ಕರ್ ಪೆನ್ ತಂದು ಶೆಡ್ಡಿನಲ್ಲಿರುವ ಪ್ರತಿ ಬಾಟಲಿಯ ಮುಚ್ಚಳದ ಮೇಲೆ ದೊಡ್ಡದಾಗಿ ಗುಂಪಿನ ನಂಬರು ಬರೆಯಿರಿ. ಆ ಶಾಲೆಯ ಮಾಲಿ ಹೀಗೆ ಬರೆದು ಮುಗಿಸಿದಾಗ ಮೂರು ಮುಚ್ಚಳದ ಮೇಲೂ 3 ಇತ್ತು. ಮತ್ತೇನೂ ವಿವರಿಸಬೇಕಾಗಲಿಲ್ಲ.

ಎರಡು ಔಷಧಿ ಬೆರೆಸಿ ಬರುವ ಡಬ್ಬಿಗಳಲ್ಲಿ ಇನ್ನೂ ಎಚ್ಚರ ಬೇಕು. ಒಂದರಲ್ಲಿ ಟ್ರೈಫ್ಲಾಕ್ಸಿಸ್ಟ್ರೋಬಿನ್ ಮತ್ತು ಟೆಬುಕೊನಜೋಲ್, ಇನ್ನೊಂದರಲ್ಲಿ ಅಜೋಕ್ಸಿಸ್ಟ್ರೋಬಿನ್ ಮತ್ತು ಡೈಫೆನೊಕೊನಜೋಲ್. ಓದಲು ನಾಲ್ಕು ಹೆಸರು, ಲೆಕ್ಕಕ್ಕೆ ಎರಡೂ ಡಬ್ಬಿಯಲ್ಲಿ ಅದೇ 11 ಮತ್ತು 3. ಒಂದರ ನಂತರ ಇನ್ನೊಂದನ್ನು ಹೊಡೆದರೆ ಸರದಿ ಬದಲಿಸಿದಂತಾಗಲಿಲ್ಲ.

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಬಹುಪಾಲು ಔಷಧಿಗಳ ಚೀಟಿಯಲ್ಲಿ ಭತ್ತ, ದ್ರಾಕ್ಷಿ, ಮೆಣಸಿನಕಾಯಿ ಎಂದಿರುತ್ತದೆ, ಲಾನಿನ ಹೆಸರು ಇರುವುದಿಲ್ಲ. ಆದ್ದರಿಂದ ಬಳಸುವ ಮುಂಚೆ ಕೃಷಿ ವಿಜ್ಞಾನ ಕೇಂದ್ರದವರನ್ನೋ ತೋಟಗಾರಿಕೆ ಇಲಾಖೆಯವರನ್ನೋ ಕೇಳಿಕೊಳ್ಳಿ. ಮಕ್ಕಳು ಉರುಳಾಡುವ ಹುಲ್ಲಿಗೆ ಇದು ಎರಡು ಪಟ್ಟು ಮುಖ್ಯ. ಡಬ್ಬಿಯ ಮೇಲಿನ ಕೆಂಪು ಅಥವಾ ಹಳದಿ ತ್ರಿಕೋನದ ಅರ್ಥ ಅದರ ವಿಷ ತೀವ್ರ ಎಂದು.

ಸರದಿ ಹಾಕುವುದು

ಒಂದೇ ನಂಬರನ್ನು ಬೆನ್ನುಬೆನ್ನಿಗೆ ಎರಡು ಸಲ ಹೊಡೆಯಬೇಡಿ. ಮಳೆಗಾಲದಲ್ಲಿ ಮೂರು ಸಿಂಪಡಣೆ ಅನಿವಾರ್ಯ ಎನ್ನಿ. ಮೊದಲು 3, ಆಮೇಲೆ ಎಂ, ಆಮೇಲೆ 7 ಅಥವಾ 11. 1 ಮತ್ತು 11ನೇ ಗುಂಪಿನ ಮೇಲೆ ಹೆಚ್ಚು ಕಣ್ಣಿರಲಿ. ಇವು ಸೋಲುವಾಗ ಮುನ್ಸೂಚನೆ ಕೊಡುವುದು ಕಡಿಮೆ, ಹೋದ ಸಲ ಪೂರ್ತಿ ನಾಟಿದ್ದು ಈ ಸಲ ಏನೇನೂ ನಾಟದು. ಕೊನಜೋಲ್ ಮೆಲ್ಲಗೆ ಸೋಲುತ್ತದೆ. ಹುಲ್ಲನ್ನು ಮೂರು ವಾರ ಕಾಪಾಡುತ್ತಿದ್ದದ್ದು ಎರಡು ವಾರಕ್ಕೆ, ಆಮೇಲೆ ಹತ್ತು ದಿನಕ್ಕೆ ಇಳಿಯುತ್ತದೆ. ಈ ಇಳಿಕೆ ಕಣ್ಣಿಗೆ ಬೀಳಬೇಕಾದರೆ ಹೊಡೆದ ತಾರೀಕು ಬರೆದಿಡುವ ನೋಟ್‌ಬುಕ್ ಬೇಕೇ ಬೇಕು. ಒಂದು ಗುಂಪನ್ನು ವರ್ಷಕ್ಕೆ ಎಷ್ಟು ಸಲ ಬಳಸಬಹುದೆಂದು ಚೀಟಿಯಲ್ಲಿದ್ದರೆ ಅದನ್ನು ಮೀರಬೇಡಿ.

ಶಿಲೀಂಧ್ರದೊಳಗೆ ಒಂದೇ ಕಡೆ ಕೆಡಿಸುವ ಔಷಧಿಗೆ 'ಎಂ' ಗುಂಪಿನದನ್ನು ಜೊತೆ ಸೇರಿಸುವುದು ಒಳ್ಳೆಯ ಪದ್ಧತಿ. ಆದರೆ ಆ ಜೊತೆಗಾರನಿಗೂ ಆ ಕಾಯಿಲೆಯನ್ನು ಸ್ವತಃ ತಡೆಯುವ ತಾಕತ್ತಿರಬೇಕು, ಪ್ರಮಾಣವೂ ಪೂರ್ತಿ ಇರಬೇಕು. ಇನ್ನು, ಕಾಯಿಲೆ ಲಾನಿನ ಅರ್ಧ ನುಂಗುವವರೆಗೆ ಕಾಯಬೇಡಿ. ಶಿಲೀಂಧ್ರ ಹೆಚ್ಚಿದ್ದಷ್ಟೂ ಅದರೊಳಗೆ ಬಗ್ಗದವು ಇರುವ ಸಾಧ್ಯತೆಯೂ ಹೆಚ್ಚು.

ಹೊಡೆಯುವ ದಿನ

ಪ್ರಮಾಣ ಚೀಟಿಯಲ್ಲಿದ್ದಷ್ಟೇ. ದುಡ್ಡು ಉಳಿಸಲು ಅರ್ಧ ಹಾಕಿದರೆ ಅರೆಬರೆ ಗಟ್ಟಿಯಿರುವ ಶಿಲೀಂಧ್ರಗಳು ಬದುಕಿಕೊಳ್ಳುತ್ತವೆ. ಚೀಟಿ ಬೇರೆ ಹೇಳದಿದ್ದರೆ ಎಲೆಯ ಕಾಯಿಲೆಗೆ ಸಾವಿರ ಚದರಡಿಗೆ ಸುಮಾರು 7–8 ಲೀಟರ್ ನೀರು ಬೇಕು. 30×40 ಅಡಿಯ ಸೈಟಿನಷ್ಟು ಹುಲ್ಲಿಗೆ 9 ಲೀಟರ್ ಆಯಿತು. ಮೊದಲು ಬರೀ ನೀರು ತುಂಬಿ ಹೊಡೆದು, ನಿಮ್ಮ ಪಂಪಿನಲ್ಲಿ ನಿಮ್ಮ ನಡಿಗೆಗೆ ಎಷ್ಟು ಖರ್ಚಾಗುತ್ತದೆ ಎಂದು ಅಳೆದುಕೊಳ್ಳಿ. ಮಳೆ ಬರುವಂತಿದ್ದರೆ ಹೊಡೆಯಬೇಡಿ. ಕೈಗವಸು, ಮಾಸ್ಕು, ಬೂಟು ಇಲ್ಲದೆ ಮಾಲಿಯನ್ನು ಲಾನಿಗೆ ಇಳಿಸಬೇಡಿ. ಹಸಿ ಆರುವವರೆಗೆ ಮಕ್ಕಳೂ ನಾಯಿಗಳೂ ಹತ್ತಿರ ಬರದಂತೆ ಹಗ್ಗ ಕಟ್ಟಿ, ಚೀಟಿಯಲ್ಲಿ ಇನ್ನೂ ಹೆಚ್ಚು ಹೊತ್ತು ಹೇಳಿದ್ದರೆ ಅಷ್ಟು ಹೊತ್ತು.

ಹೊಡೆಯುವ ಮುಂಚೆ ಒಂದು ಮೂಲೆಯಲ್ಲಿ ಪ್ಲೈವುಡ್ ಹಲಗೆಯೊಂದನ್ನು ಹಾಸಿ, ಹೊಡೆದ ಮೇಲೆ ಎತ್ತಿಬಿಡಿ. ಅದರಡಿಯ ಹುಲ್ಲಿಗೆ ಔಷಧಿ ಬಿದ್ದಿಲ್ಲ. ಹತ್ತು ದಿನದ ಮೇಲೆ ಹಲಗೆಯ ಜಾಗದಲ್ಲೂ ಸುತ್ತಲೂ ಕಾಯಿಲೆ ಒಂದೇ ಸಮ ಇದ್ದರೆ ಔಷಧಿ ಕೆಲಸ ಮಾಡಿಲ್ಲ. ಎರಡೂ ಕಡೆ ಹುಲ್ಲು ಚೆನ್ನಾಗಿದ್ದರೆ ಆ ಸಿಂಪಡಣೆ ಬೇಕೇ ಇರಲಿಲ್ಲ. ಇದಕ್ಕಿಂತ ಅಗ್ಗದ ಪರೀಕ್ಷೆಯನ್ನು ನಾನು ಕಂಡಿಲ್ಲ.

ನಾಟದೇ ಹೋದರೆ

ಪ್ರಮಾಣ ದುಪ್ಪಟ್ಟು ಮಾಡಿ ಮತ್ತೆ ಹೊಡೆಯುವುದು ಮೊದಲು ತೋಚುವ ಉಪಾಯ, ದಯವಿಟ್ಟು ಅದನ್ನು ಮಾಡಬೇಡಿ. ಕಾಯಿಲೆ ಸರಿಯಾಗಿ ಗುರುತಿಸಿದ್ದೆವೇ, ಹೊಡೆದ ಮೇಲೆ ಮಳೆ ಬಂತೇ, ನಾಜಲ್ ಕಟ್ಟಿತ್ತೇ, ಡಬ್ಬಿಯ ಅವಧಿ ಮುಗಿದಿತ್ತೇ ಎಂದು ನೋಡಿ. ಇವೆಲ್ಲ ಸರಿಯಿದ್ದೂ ನಾಟಿಲ್ಲವೆಂದರೆ ಆ ನಂಬರನ್ನು ಪಕ್ಕಕ್ಕಿಡಿ, ಬೇರೆ ಗುಂಪಿಗೆ ಹೋಗಿ. 1ನೇ ಗುಂಪಿಗೆ ಒಮ್ಮೆ ಗಟ್ಟಿಯಾದ ಡಾಲರ್ ಸ್ಪಾಟ್, ಔಷಧಿ ನಿಲ್ಲಿಸಿ ವರ್ಷಗಳಾದರೂ ಮೆದುವಾಗುವುದಿಲ್ಲ.

ಖಾತ್ರಿ ಬೇಕಿದ್ದರೆ ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೆ ಮಾದರಿ ಕೊಡಬಹುದು. ಪೂರ್ತಿ ಸತ್ತ ಹುಲ್ಲು ಉಪಯೋಗಕ್ಕಿಲ್ಲ. ಕಾಯಿಲೆಯ ಅಂಚಿನಲ್ಲಿ, ಅರ್ಧ ಹಸಿರು ಅರ್ಧ ಒಣಗಿದ ಕಡೆ, ಅಂಗೈಯಗಲದ ತುಂಡನ್ನು ಎರಡಿಂಚು ಮಣ್ಣಿನ ಸಮೇತ ಕಿತ್ತು ನ್ಯೂಸ್‌ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ. ಜೊತೆಗೆ ಆ ವರ್ಷ ಹೊಡೆದ ಔಷಧಿಗಳ ತಾರೀಕು ಮತ್ತು ಗುಂಪಿನ ನಂಬರು ಬರೆದ ಚೀಟಿ ಇಡಿ. ಅಲ್ಲಿ ಅವರು ಮೊದಲು ಕೇಳುವುದೇ ಅದನ್ನು.