ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ನಿಮಗೆ ಸಿಗುತ್ತದೆಯೇ? ಲೆಕ್ಕ ಹಾಕುವುದು ಹೀಗೆ

ಡಿಗ್ರಿ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಕಾಮರ್ಸ್ ಮತ್ತು ಎಂಜಿನಿಯರಿಂಗ್ ಓದುವ ಹಲವರು ಕೇಳುವ ಪ್ರಶ್ನೆ ಒಂದೇ: ‘ನನಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸಿಗಬಹುದಾ?’ ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನು ಒಂದೊಂದಾಗಿ ಹೇಳುತ್ತಾರೆ. ‘ಐಐಎಂ ಇಲ್ಲದಿದ್ದರೆ ಆಸೆ ಬಿಟ್ಟುಬಿಡು’ ಎಂದು ಒಬ್ಬರು ಹೇಳಿದರೆ, ‘ಕಷ್ಟಪಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಉತ್ತರಗಳು ವಿದ್ಯಾರ್ಥಿಗೆ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಅವಕಾಶ ಎಷ್ಟು ಎಂಬುದನ್ನು ನಾವೇ ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು, ಅದಕ್ಕೆ ಬೇಕಾದ ಮಾಹಿತಿಯ ಬಹುಪಾಲು ದುಡ್ಡಿಲ್ಲದೆ ಸಿಗುತ್ತದೆ. ಯಾವುದಾದರೂ ಕೋರ್ಸಿಗೆ ಹಣ ಕಟ್ಟುವ ಮುಂಚೆ ಇದನ್ನು ಮಾಡಿ ನೋಡಿ.

ಮೊದಲ ಹೆಜ್ಜೆ: ಯಾವ ಕೆಲಸ ಬೇಕು ಎಂದು ಗೊತ್ತುಮಾಡಿಕೊಳ್ಳಿ

ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಒಳಗೆ ನೂರು ಬಗೆಯ ಕೆಲಸಗಳಿವೆ. ವಿದ್ಯಾರ್ಥಿಗಳ ಕಣ್ಣಲ್ಲಿರುವುದು ಸಾಮಾನ್ಯವಾಗಿ ಅದರಲ್ಲಿ ಒಂದು, ಅಂದರೆ ಡೀಲ್ ತಂಡದ ಕೆಲಸ. ಕಂಪನಿಗಳಿಗೆ ಷೇರು ಅಥವಾ ಸಾಲಪತ್ರದ ಮೂಲಕ ಬಂಡವಾಳ ಎತ್ತಿಕೊಡುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟಿ ವ್ಯವಹಾರ ಕುದುರಿಸುವುದು ಈ ತಂಡದ ಕಸುಬು.

ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ಇನ್ಫೊಸಿಸ್. 1993ರಲ್ಲಿ ಅದು ತಲಾ 95 ರೂಪಾಯಿಗೆ ಷೇರು ಮಾರಲು ಬಂದಾಗ ಪೂರ್ತಿ ಕೊಳ್ಳುವವರಿರಲಿಲ್ಲ. ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ಶೇ 13ರಷ್ಟು ಪಾಲು ತೆಗೆದುಕೊಂಡಿದ್ದರಿಂದ ಇಶ್ಯೂ, ಅಂದರೆ ಆ ಷೇರು ಮಾರಾಟ, ದಡ ಸೇರಿತು. ಜೂನ್‌ನಲ್ಲಿ ಷೇರು 145 ರೂಪಾಯಿಯಲ್ಲಿ ವಹಿವಾಟು ಶುರುಮಾಡಿತು. ಬೆಲೆ ಎಷ್ಟಿರಬೇಕು, ಯಾರಿಗೆ ಮಾರಬೇಕು, ಕೊಳ್ಳುವವರು ಬರದಿದ್ದರೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳೇ ಇಂದಿಗೂ ಡೀಲ್ ತಂಡದ ನಿದ್ದೆ ಕೆಡಿಸುವುದು.

ಈ ತಂಡಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ಮುಂಬೈನಲ್ಲಿವೆ. ಕೋಟಕ್ ಮಹೀಂದ್ರ ಕ್ಯಾಪಿಟಲ್, ಆಕ್ಸಿಸ್ ಕ್ಯಾಪಿಟಲ್, ಜೆಎಂ ಫೈನಾನ್ಶಿಯಲ್, ಎಸ್‌ಬಿಐ ಕ್ಯಾಪಿಟಲ್ ಮಾರ್ಕೆಟ್ಸ್‌ನಂಥ ದೇಶಿ ಸಂಸ್ಥೆಗಳಿರಲಿ, ವಿದೇಶಿ ಬ್ಯಾಂಕುಗಳ ಭಾರತ ಘಟಕಗಳಿರಲಿ, ಒಂದೊಂದರ ತಂಡವೂ ಚಿಕ್ಕದು. ಹೊಸಬರಿಗೆ ವರ್ಷಕ್ಕೆ ತೆರೆಯುವ ಜಾಗಗಳು ಬೆರಳೆಣಿಕೆಯಷ್ಟು.

ಬೆಂಗಳೂರಿನ ಕಥೆ ಬೇರೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಇಲ್ಲಿ ಕಚೇರಿ ತೆರೆಯಿತು. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿಯಂಥವೂ ಇಲ್ಲಿವೆ. ಇಲ್ಲಿನ ದೊಡ್ಡ ಪಾಲು ಕೆಲಸ ತಂತ್ರಜ್ಞಾನ, ರಿಸ್ಕ್, ಲೆಕ್ಕಪತ್ರ, ವಹಿವಾಟಿನ ಇತ್ಯರ್ಥಕ್ಕೆ ಸೇರಿದ್ದು. ಲಂಡನ್, ನ್ಯೂಯಾರ್ಕ್ ಡೀಲ್ ತಂಡಗಳಿಗೆ ವಿಶ್ಲೇಷಣೆ ಮಾಡಿಕೊಡುವ ಗುಂಪುಗಳೂ ಇವೆ, ಅವು ಒಳ್ಳೆಯ ಕೆಲಸಗಳೇ. ಆದರೆ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೋರ್ಸ್, ನೂರಕ್ಕೆ ನೂರು ಉದ್ಯೋಗ’ ಎಂದು ಜಾಹೀರಾತು ಕೊಡುವ ತರಬೇತಿ ಕೇಂದ್ರಗಳು ಸಾಮಾನ್ಯವಾಗಿ ತಯಾರು ಮಾಡುವುದು ಸೆಟ್ಲ್‌ಮೆಂಟ್ (ವಹಿವಾಟಿನ ಇತ್ಯರ್ಥ), ರಿಕನ್ಸಿಲಿಯೇಶನ್ (ಲೆಕ್ಕ ತಾಳೆ ನೋಡುವುದು), ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಹುದ್ದೆಗಳಿಗೆ. ಆ ನೌಕರಿ ಮರ್ಯಾದೆಯದ್ದೇ, ಬೇಕೆಂದು ಹೋಗುವುದಾದರೆ ಸಂತೋಷ. ಡೀಲ್ ತಂಡಕ್ಕೆ ಹೋಗುತ್ತೇನೆಂದುಕೊಂಡು ಮನೆಯ ಚಿನ್ನ ಅಡವಿಟ್ಟು ಫೀಸು ಕಟ್ಟಿದ ಮಕ್ಕಳಿಗೆ ಮಾತ್ರ ಅನ್ಯಾಯವಾಗುತ್ತದೆ. ಹಾಗಾಗಿ ಸೇರುವ ಮುನ್ನ ಒಂದು ಮಾತು ಕೇಳಿ: ‘ಹೋದ ಬ್ಯಾಚಿನವರು ಯಾವ ಕಂಪನಿಯಲ್ಲಿ, ಯಾವ ಹುದ್ದೆಯಲ್ಲಿದ್ದಾರೆ? ಹುದ್ದೆಯ ಹೆಸರು ಬರೆದು ಕೊಡಿ.’ ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಎರಡನೇ ಹೆಜ್ಜೆ: ನಿಮ್ಮ ಕಾಲೇಜಿನ ಹಿರಿಯರನ್ನು ಎಣಿಸಿ

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋಗಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆರೆದು, ಅದರಲ್ಲಿ ಬ್ಯಾಂಕುಗಳ ಹೆಸರು ಹಾಕಿ ಸೋಸಿ. ಸಿಕ್ಕವರಲ್ಲಿ ಹುದ್ದೆ ಯಾವುದು, ಊರು ಯಾವುದು ನೋಡಿ. ‘ಅನಲಿಸ್ಟ್’ ಎಂದಷ್ಟೇ ಇದ್ದರೆ ಸಾಲದು, ವಿಭಾಗ ಯಾವುದೆಂದು ನೋಡಬೇಕು. ಈ ಸಂಸ್ಥೆಗಳಲ್ಲಿ ಎಲ್ಲ ವಿಭಾಗದವರೂ ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್ ಎಂದೇ ಕರೆಸಿಕೊಳ್ಳುತ್ತಾರೆ.

ಇಲ್ಲಿ ಮುಖ್ಯವಾದದ್ದು ಡಿಗ್ರಿ ಮುಗಿದ ಮೇಲೆ ಅವರು ಡೀಲ್ ತಂಡ ಸೇರುವವರೆಗೆ ನಡುವೆ ಏನು ಮಾಡಿದರು ಎಂಬುದು. ಸಿಎ ಮಾಡಿದರೇ, ಐಐಎಂಗೆ ಹೋದರೇ, ಸಣ್ಣ ಸಂಸ್ಥೆಯಲ್ಲಿ ಎರಡು ವರ್ಷ ದುಡಿದು ದೊಡ್ಡದಕ್ಕೆ ಹಾರಿದರೇ? ಹತ್ತು ಜನರ ದಾರಿ ಬರೆದುಕೊಂಡರೆ ನಿಮ್ಮ ಕಾಲೇಜಿನಿಂದ ಯಾವ ದಾರಿ ನಡೆಯುತ್ತದೆ ಎಂಬುದು ಕಾಣುತ್ತದೆ. ಒಬ್ಬರೂ ಸಿಗದಿದ್ದರೆ ಬಾಗಿಲು ಮುಚ್ಚಿದೆ ಎಂದಲ್ಲ, ಆದರೆ ಈ ಡಿಗ್ರಿಯಿಂದ ನೇರ ಜಿಗಿತ ಸಾಧ್ಯವಿಲ್ಲ, ನಡುವೆ ಒಂದು ಮೆಟ್ಟಿಲು ಬೇಕೇಬೇಕು ಎಂದು ತಿಳಿಯಿರಿ.

ಮೂರನೇ ಹೆಜ್ಜೆ: ಬಾಗಿಲು ಆರಿಸಿ

ಎಲ್ಲರ ಬಾಯಲ್ಲಿರುವುದು ಐಐಎಂ. ಅಹಮದಾಬಾದ್, ಬೆಂಗಳೂರು, ಕೋಲ್ಕತ್ತದ ಕ್ಯಾಂಪಸ್‌ಗಳಿಗೆ ಬ್ಯಾಂಕುಗಳು ಮೊದಲ ವರ್ಷದಲ್ಲೇ ಬೇಸಿಗೆ ಇಂಟರ್ನ್‌ಶಿಪ್‌ಗೆ ಬಂದು ಆರಿಸುತ್ತವೆ, ಅದರಲ್ಲಿ ಚೆನ್ನಾಗಿ ದುಡಿದವರಿಗೆ ಕೆಲಸ ಖಾಯಂ ಆಗುವುದುಂಟು. ಐಐಎಂ ಪ್ರವೇಶಕ್ಕೆ ನವೆಂಬರ್‌ನಲ್ಲಿ ನಡೆಯುವ ಕ್ಯಾಟ್ ಪರೀಕ್ಷೆಯ ಅಂಕವೊಂದರಿಂದಲೇ ಸೀಟು ಸಿಗುವುದಿಲ್ಲ. ಐಐಎಂ ಬೆಂಗಳೂರು ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕಗಳಿಗೂ ತೂಕ ಕೊಡುತ್ತದೆ. ಹಳೆಯ ಅಂಕ ಈಗ ಬದಲಾಗದು, ಆದ್ದರಿಂದ ಒಂದು ವರ್ಷ ಕ್ಯಾಟ್‌ಗೆ ಮೀಸಲಿಡುವ ಮುಂಚೆ ಆಯಾ ಐಐಎಂನ ಪ್ರವೇಶ ನಿಯಮ ಓದಿ ನಿಮ್ಮ ಅಂಕಗಳನ್ನು ಆ ಸೂತ್ರಕ್ಕೆ ಹಾಕಿ ನೋಡಿ. ಆಮೇಲೆ ಆ ಸಂಸ್ಥೆಗಳ ಪ್ಲೇಸ್‌ಮೆಂಟ್ ವರದಿ ತೆರೆದು ಡೀಲ್ ತಂಡಗಳಿಗೆ ಹೋದವರೆಷ್ಟು ಎಂದು ಹುಡುಕಿ. ಐಐಎಂ ಸೇರಿದವರಲ್ಲೂ ಅವರು ಸಣ್ಣ ಗುಂಪು.

ಕರ್ನಾಟಕದ ಕಾಮರ್ಸ್ ಮಕ್ಕಳಿಗೆ ನಾನು ಒತ್ತಿ ಹೇಳುವುದು ಸಿಎ ದಾರಿಯನ್ನು. ದಾವಣಗೆರೆಯಲ್ಲೋ ಪುತ್ತೂರಿನಲ್ಲೋ ಬಿ.ಕಾಂ. ಓದುವ ಹುಡುಗಿಗೆ ಕಾಲೇಜಿನ ಹೆಸರು ಅಡ್ಡ ಬರದ ದಾರಿ ಇದೊಂದೇ ಎನ್ನಬಹುದು, ಏಕೆಂದರೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. 2023ರ ಜುಲೈನಿಂದ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರಿಗೆ ಕಡ್ಡಾಯವಾದ ಕಚೇರಿ ತರಬೇತಿ, ಮೂರು ವರ್ಷದ ಬದಲು ಎರಡು ವರ್ಷ. ಆ ಎರಡು ವರ್ಷ ಎಲ್ಲಿ ಕಳೆಯುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಊರಿನ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬಿಸುತ್ತಲೇ ಕಳೆದರೆ ಡೀಲ್ ತಂಡಕ್ಕೆ ದೂರವಾಗುತ್ತದೆ. ಕಂಪನಿ ಖರೀದಿಗೆ ಮುಂಚಿನ ತಪಾಸಣೆ, ಅಂದರೆ ಡ್ಯೂ ಡಿಲಿಜೆನ್ಸ್, ಮೌಲ್ಯಮಾಪನ ಮಾಡುವ ಸಂಸ್ಥೆಯಲ್ಲಿ ಕಳೆದರೆ ಹತ್ತಿರವಾಗುತ್ತದೆ. ಹೀಗೆ ಬಂದವರನ್ನು ದೇಶಿ ಬ್ಯಾಂಕುಗಳು ಇಷ್ಟಪಟ್ಟು ತೆಗೆದುಕೊಳ್ಳುತ್ತವೆ. ಆದರೆ ಪರೀಕ್ಷೆ ಸುಲಭದ್ದಲ್ಲ: 2024ರ ನವೆಂಬರ್‌ನಲ್ಲಿ ಸಿಎ ಫೈನಲ್‌ನ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ 13.44 ಮಾತ್ರ.

ಜನ ಅಷ್ಟಾಗಿ ಗಮನಿಸದ ಇನ್ನೊಂದು ಬಾಗಿಲಿದೆ. ಷೇರುಪೇಟೆಯ ನಿಯಂತ್ರಕ ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತ ಮರ್ಚೆಂಟ್ ಬ್ಯಾಂಕರ್‌ಗಳ, ಅಂದರೆ ಕಂಪನಿಗಳ ಷೇರು ಮಾರಾಟ ನಡೆಸಿಕೊಡುವ ಸಂಸ್ಥೆಗಳ, ಪಟ್ಟಿ ವಿಳಾಸ ಸಮೇತ ಇದೆ. ಅದರಲ್ಲಿ ಎಷ್ಟೋ ಸಣ್ಣ ಸಂಸ್ಥೆಗಳು ಸಣ್ಣ ಕಂಪನಿಗಳನ್ನು ಷೇರುಪೇಟೆಗಳಲ್ಲಿ ಅಂಥವಕ್ಕೆಂದೇ ಇರುವ ಎನ್‌ಎಸ್‌ಇ ಎಮರ್ಜ್, ಬಿಎಸ್‌ಇ ಎಸ್‌ಎಂಇ ವೇದಿಕೆಗಳಿಗೆ ತರುತ್ತವೆ. ಸ್ಟಾರ್ಟಪ್‌ಗಳಿಗೆ ಬಂಡವಾಳ ಹೊಂದಿಸುವ ಸಲಹಾ ಸಂಸ್ಥೆಗಳು ಬೆಂಗಳೂರಿನಲ್ಲೂ ಇವೆ. ಇಲ್ಲಿ ಸಂಬಳ ಕಡಿಮೆ, ಹೆಸರು ಸಣ್ಣದು, ಆದರೆ ಆರು ತಿಂಗಳ ಇಂಟರ್ನ್ ಕೂಡ ಕಡತವನ್ನು ಮೊದಲ ಪುಟದಿಂದ ಕೊನೆಯವರೆಗೆ ಕೈಯಾರೆ ಮುಟ್ಟುತ್ತಾರೆ. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಮರ್ಚೆಂಟ್ ಬ್ಯಾಂಕಿಂಗ್ ಪರೀಕ್ಷೆ ಬರೆದುಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ, ಶುಲ್ಕ 1,500 ರೂಪಾಯಿ ಆಸುಪಾಸು.

ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಕೋರ್ಸು ಸಿಎಫ್‌ಎ ಬಗ್ಗೆ ಎರಡೇ ಮಾತು. ಮೂರು ಹಂತದ ಒಳ್ಳೆಯ ಓದು, ಡಿಗ್ರಿ ಮುಗಿಯುವ ಮುಂಚೆಯೇ ಮೊದಲ ಹಂತ ಬರೆಯಬಹುದು. ಅದು ಮೇಲಿನ ಬಾಗಿಲುಗಳಿಗೆ ಬಲ ಕೊಡುತ್ತದೆ, ತಾನೇ ಬಾಗಿಲಾಗುವುದು ಅಪರೂಪ.

ನಾಲ್ಕನೇ ಹೆಜ್ಜೆ: ಕೆಲಸವನ್ನೇ ಒಮ್ಮೆ ಮಾಡಿ ನೋಡಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಅಂಕಪಟ್ಟಿ ಹೇಳದ ಸಂಗತಿಯನ್ನು ಇದು ಹೇಳುತ್ತದೆ.

ಸ್ವಿಗ್ಗಿ ಕಂಪನಿಯ ಐಪಿಒ (ಸಾರ್ವಜನಿಕರಿಗೆ ಮೊದಲ ಸಲದ ಷೇರು ಮಾರಾಟ) ದಾಖಲೆಯನ್ನು ಸೆಬಿ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಬೆಂಗಳೂರಿನದೇ ಕಂಪನಿ, 2024ರ ನವೆಂಬರ್‌ನಲ್ಲಿ 11,327 ಕೋಟಿ ರೂಪಾಯಿಯ ಇಶ್ಯೂ, ಷೇರಿಗೆ 390 ರೂಪಾಯಿ. ದಾಖಲೆ ನೂರಾರು ಪುಟ. ಅಪಾಯಗಳ ಅಧ್ಯಾಯ, ಹಣ ಯಾವುದಕ್ಕೆ ಬೇಕು ಎಂಬ ಅಧ್ಯಾಯ, ಬೆಲೆಗೆ ಆಧಾರವೇನು ಎಂಬ ಅಧ್ಯಾಯ, ಈ ಮೂರನ್ನು ಓದಿ. ಇಶ್ಯೂದಲ್ಲಿ ಕಂಪನಿಯ ಕೈಗೆ ಹೊಸದಾಗಿ ಬರುವ ಹಣ 4,499 ಕೋಟಿ, ಉಳಿದದ್ದು ಹಳೆಯ ಷೇರುದಾರರು ತಮ್ಮ ಪಾಲಿನಲ್ಲಿ ಒಂದಷ್ಟು ಮಾರಿ ಪಡೆಯುವ ಹಣ. ಈ ವ್ಯತ್ಯಾಸ ಯಾಕೆ ಮುಖ್ಯ ಎಂದು ಅರ್ಧ ಪುಟ ಬರೆಯಿರಿ.

ಈಗ ಬೆಲೆಗೆ ಬನ್ನಿ. 390ರ ಲೆಕ್ಕದಲ್ಲಿ ಇಡೀ ಕಂಪನಿಯ ಮೌಲ್ಯ ಸುಮಾರು 87,000 ಕೋಟಿ. 2023–24ರಲ್ಲಿ ಅದರ ಆದಾಯ 11,247 ಕೋಟಿ, ನಷ್ಟ 2,350 ಕೋಟಿ. ಲಾಭವೇ ಇಲ್ಲದ ಕಡೆ ಲಾಭದ ಎಷ್ಟು ಪಟ್ಟು ಎಂದು ಕೇಳಲಾಗದು, ಹಾಗಾಗಿ ಆದಾಯದ ಏಳೂಮುಕ್ಕಾಲು ಪಟ್ಟು ಎಂಬ ಅಳತೆ ಹಿಡಿಯಬೇಕು. ಅದೇ ವರ್ಷ ಜೊಮ್ಯಾಟೊ 12,114 ಕೋಟಿ ಆದಾಯದ ಮೇಲೆ 351 ಕೋಟಿ ಲಾಭ ಮಾಡಿತ್ತು. ಈಗ ಎಟರ್ನಲ್ ಎಂದು ಹೆಸರು ಬದಲಿಸಿಕೊಂಡಿರುವ ಆ ಕಂಪನಿಯ ಮೌಲ್ಯ ಸ್ವಿಗ್ಗಿ ಇಶ್ಯೂ ಬಂದ ವಾರ ಎಷ್ಟಿತ್ತೆಂದು ಷೇರುಪೇಟೆಯ ಹಳೆಯ ದರಗಳಿಂದ ತೆಗೆದು, ಅದೇ ಭಾಗಾಕಾರ ಮಾಡಿ. ಎರಡು ಉತ್ತರಗಳ ನಡುವಿನ ಅಂತರಕ್ಕೆ ಕಾರಣ ಹುಡುಕುವುದೇ ಈ ವೃತ್ತಿಯ ಮೊದಲ ವರ್ಷದ ದಿನಚರಿ. ಸಣ್ಣ ಹೂಡಿಕೆದಾರರಿಗೆ ಈ ಇಶ್ಯೂದಲ್ಲಿ ಶೇ 10 ಮಾತ್ರ ಯಾಕೆ ಮೀಸಲು, ದೊಡ್ಡ ಸಂಸ್ಥೆಗಳಿಗೆ ಶೇ 75 ಯಾಕೆ ಎಂದೂ ಹುಡುಕಿ. ಸೆಬಿ ಕೇಳುವ ಲಾಭದ ದಾಖಲೆ ಇಲ್ಲದ ಕಂಪನಿಗಳಿಗೆ ಇರುವ ನಿಯಮ ಅದು.

ಇದರ ಜೊತೆಗೆ ಸಂದರ್ಶನಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: ಸವಕಳಿ (ಯಂತ್ರ, ಕಟ್ಟಡದಂಥ ಆಸ್ತಿಯ ಮೌಲ್ಯ ಸವೆಯುವುದರ ಲೆಕ್ಕ) 10 ರೂಪಾಯಿ ಹೆಚ್ಚಾದರೆ ಲಾಭ–ನಷ್ಟ, ನಗದು ಹರಿವು, ಬ್ಯಾಲೆನ್ಸ್ ಶೀಟ್ ಎಂಬ ಮೂರು ಲೆಕ್ಕಪತ್ರಗಳಲ್ಲಿ ಏನಾಗುತ್ತದೆ? ತೆರಿಗೆ ಶೇ 25 ಎಂದಿಟ್ಟುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 10 ಇಳಿಯುತ್ತದೆ, ತೆರಿಗೆ ಎರಡೂವರೆ ಕಡಿಮೆಯಾಗುತ್ತದೆ, ನಿವ್ವಳ ಲಾಭ ಏಳೂವರೆ ಇಳಿಯುತ್ತದೆ. ಸವಕಳಿಯಲ್ಲಿ ಕೈಯಿಂದ ಹಣ ಹೋಗುವುದಿಲ್ಲವಾದ್ದರಿಂದ ನಗದು ಹರಿವಿನಲ್ಲಿ ಆ 10 ಮರಳಿ ಕೂಡುತ್ತೇವೆ, ನಗದು ಎರಡೂವರೆ ಏರುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಸ್ಥಿರಾಸ್ತಿ 10 ಇಳಿದು ನಗದು ಎರಡೂವರೆ ಏರಿತು, ಒಟ್ಟು ಏಳೂವರೆ ಇಳಿಕೆ. ಎದುರು ಬದಿಯಲ್ಲಿ ಉಳಿಕೆ ಲಾಭವೂ ಏಳೂವರೆ ಇಳಿಯಿತು, ಸರಿಹೋಯಿತು. ಇದನ್ನು ಪುಸ್ತಕ ನೋಡದೆ, ಇಂಗ್ಲಿಷಿನಲ್ಲಿ, ತಡವರಿಸದೆ ಹೇಳುವುದು ರೂಢಿಯಾಗಬೇಕು. ಕನ್ನಡ ಮಾಧ್ಯಮದಿಂದ ಬಂದವರು ಇಲ್ಲಿ ಧೈರ್ಯಗೆಡಬೇಡಿ. ಮೊದಲು ಕನ್ನಡದಲ್ಲಿ ತಂಗಿಗೋ ಗೆಳೆಯನಿಗೋ ವಿವರಿಸಿ, ಸರಿಯಾಗಿ ಅರ್ಥವಾಗಿದೆ ಎಂದು ಖಾತ್ರಿಯಾದ ಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಸಂದರ್ಶಕರು ಮುಖ್ಯವಾಗಿ ನೋಡುವುದು ಲೆಕ್ಕ ಮನಸ್ಸಿನೊಳಗೆ ಕೂತಿದೆಯೇ ಎಂಬುದನ್ನು.

ಈ ಎರಡು ಕೆಲಸ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗದಿದ್ದರೆ ಅದು ನಿಮ್ಮ ಪರವಾಗಿರುವ ದೊಡ್ಡ ಸಾಕ್ಷಿ. ಬೇಸರ ಬಂದರೆ ಅದನ್ನೂ ಗೌರವಿಸಿ.

ಐದನೇ ಹೆಜ್ಜೆ: ದುಡ್ಡು, ಹೊತ್ತು, ಗಡುವು

ಐಐಎಂ ಬೆಂಗಳೂರಿನಂಥ ಕಡೆ ಎರಡು ವರ್ಷದ ಶುಲ್ಕ 20 ಲಕ್ಷ ದಾಟುತ್ತದೆ. ಸಾಲ ಬೇಕಾದವರು 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ: ಆಯ್ದ ಉನ್ನತ ಸಂಸ್ಥೆಗಳಿಗೆ ಜಾಮೀನು, ಅಡಮಾನವಿಲ್ಲದ ಸಾಲ, ವಾರ್ಷಿಕ ಆದಾಯ 8 ಲಕ್ಷದೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ. ಕಂತಿನ ಲೆಕ್ಕ ಹಾಕುವಾಗ ಡೀಲ್ ತಂಡದ ಸಂಬಳ ಹಿಡಿಯಬೇಡಿ. ಅದು ಸಿಗದಿದ್ದರೆ ಸಿಗುವ ಸಾಮಾನ್ಯ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದೆಯೇ ನೋಡಿ, ಆಗದಿದ್ದರೆ ಆ ಸಾಲ ನಿಮಗೆ ಭಾರ.

ಹೊತ್ತಿನ ವಿಷಯವನ್ನು ಮನೆಯವರೊಂದಿಗೆ ಬಿಡಿಸಿ ಮಾತಾಡಿ. 2021ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ 13 ಕಿರಿಯ ಅನಲಿಸ್ಟ್‌ಗಳು ತಾವೇ ಮಾಡಿಕೊಂಡ ಸಮೀಕ್ಷೆಯಲ್ಲಿ ವಾರಕ್ಕೆ ಸರಾಸರಿ 95 ಗಂಟೆ ಕೆಲಸ ಎಂದು ಬಂದಿತ್ತು. 2024ರಲ್ಲಿ ಜೆಪಿ ಮಾರ್ಗನ್ ಕಿರಿಯರ ಕೆಲಸಕ್ಕೆ ಬಹುತೇಕ ಸಂದರ್ಭಗಳಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಮಿತಿಯೇ 80 ಎಂದರೆ ಭಾನುವಾರವೂ ಸೇರಿ ದಿನಕ್ಕೆ ಹನ್ನೊಂದು ಗಂಟೆಗೂ ಮೇಲೆ. ಆರೋಗ್ಯದ ತೊಂದರೆ ಇರುವವರು, ಮನೆಯಲ್ಲಿ ನೋಡಿಕೊಳ್ಳಬೇಕಾದ ಹಿರಿಯರಿರುವವರು ಇದನ್ನು ಅಂಕಪಟ್ಟಿಗಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ ಒಂದು ಗಡುವು ಬರೆದಿಡಿ. ಕ್ಯಾಟ್ ಆದರೆ ಎಷ್ಟು ಸಲ, ಸಿಎ ಆದರೆ ಯಾವ ವರ್ಷದವರೆಗೆ, ಸಣ್ಣ ಸಂಸ್ಥೆಗಳಿಗೆ ಅರ್ಜಿ ಹಾಕುವುದಾದರೆ ಯಾವ ತಿಂಗಳವರೆಗೆ ಎಂದು ಈಗಲೇ ತೀರ್ಮಾನಿಸಿ, ಅಪ್ಪ ಅಮ್ಮನಿಗೂ ತೋರಿಸಿ. ಅದರ ಪಕ್ಕದಲ್ಲೇ ಇದೇ ಕೌಶಲ ಬೇಡುವ ಬೇರೆ ಕೆಲಸಗಳನ್ನೂ ಬರೆಯಿರಿ: ಕ್ರಿಸಿಲ್, ಇಕ್ರಾದಂಥ ಕಡೆ ಸಾಲದ ರೇಟಿಂಗ್, ಷೇರು ಸಂಶೋಧನೆ, ಲೆಕ್ಕಪರಿಶೋಧನಾ ಸಂಸ್ಥೆಗಳ ಡೀಲ್ ಸಲಹಾ ವಿಭಾಗ, ಉತ್ಪಾದನಾ ಕಂಪನಿಗಳ ಹಣಕಾಸು ವಿಭಾಗ. ನೀವು ಮಾಡಿದ ಸ್ವಿಗ್ಗಿ ಲೆಕ್ಕ ಈ ನಾಲ್ಕೂ ಕಡೆ ಸಂದರ್ಶನದಲ್ಲಿ ಮೇಜಿನ ಮೇಲಿಡಲು ಯೋಗ್ಯ, ಅರ್ಜಿಯ ಜೊತೆ ಎರಡು ಪುಟದ ಟಿಪ್ಪಣಿಯಾಗಿ ಲಗತ್ತಿಸಿ ಕಳಿಸಿ.