ಗೆಲ್ಲುವ ಟೀಮಿಗೆ ಪ್ರಾಕ್ಟೀಸ್ ಮಾಡಿಸೋದು ಹೇಗೆ: ಕೋಚ್ ವುಡನ್ ಹತ್ತಿರ ಕಲಿಯಬೇಕಾದದ್ದು

ಬ್ಯಾಸ್ಕೆಟ್‌ಬಾಲ್ ಟೀಮ್ ಒಂದು ಕೈಗೆ ಬಂತು ಅಂದ ಕೂಡಲೇ ಬಹಳ ಜನ ಯೂಟ್ಯೂಬ್ ತೆಗೆದು ಹೊಸ ಹೊಸ ಪ್ಲೇ (ಮೊದಲೇ ಹೆಣೆದಿಟ್ಟ ಆಟದ ತಂತ್ರ) ಹುಡುಕುತ್ತಾ ಕೂರುತ್ತಾರೆ. ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ಜಾನ್ ವುಡನ್ ಏನು ಮಾಡುತ್ತಿದ್ದರು ನೋಡಿ. ಅಮೆರಿಕದ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. 1964ರಿಂದ 1975ರವರೆಗಿನ ಹನ್ನೆರಡು ಸೀಸನ್‌ನಲ್ಲಿ ಹತ್ತು ಸಲ ಎನ್‌ಸಿಎಎ (ಅಲ್ಲಿನ ಕಾಲೇಜು ಟೀಮ್‌ಗಳ ರಾಷ್ಟ್ರೀಯ ಟೂರ್ನಿ) ಚಾಂಪಿಯನ್, ಅದರಲ್ಲಿ 1967ರಿಂದ 73ರ ತನಕ ಏಳು ವರ್ಷ ಸತತವಾಗಿ. ನಡುವೆ 88 ಪಂದ್ಯ ಸೋಲೇ ಕಾಣಲಿಲ್ಲ. ಇಷ್ಟೆಲ್ಲ ಗೆದ್ದವರು ಪಂದ್ಯದ ದಿನ ಪ್ರೋಗ್ರಾಂ ಹಾಳೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಬೆಂಚಿನಲ್ಲಿ ಕೂತಿರುತ್ತಿದ್ದರು. (ಆ ಸುರುಳಿಯ ಮರೆಯಿಂದಲೇ ರೆಫರಿಗಳಿಗೆ ಚುಚ್ಚುಮಾತು ಹೋಗುತ್ತಿತ್ತು, ಅದು ಬೇರೆ ವಿಷಯ.) ಅವರ ಪ್ರಕಾರ ಕಲಿಸುವ ಕೆಲಸ ಪ್ರಾಕ್ಟೀಸಿನಲ್ಲೇ ಮುಗಿದಿರಬೇಕು. ಪಂದ್ಯ ಅಂದರೆ ಪರೀಕ್ಷೆ, ಪರೀಕ್ಷೆ ಹಾಲ್‌ನಲ್ಲಿ ನಿಂತು ಪಾಠ ಮಾಡೋಕಾಗುತ್ತಾ? ಇಂಗ್ಲಿಷ್ ಮೇಷ್ಟ್ರಾಗಿ ಕೆಲಸ ಶುರು ಮಾಡಿದವರು, ಕೊನೆಯವರೆಗೂ ತಮ್ಮನ್ನು ಮೇಷ್ಟ್ರು ಅಂತಲೇ ಅಂದುಕೊಂಡಿದ್ದರು.

ಮೊದಲ ದಿನ ಸಾಕ್ಸ್‌ನಿಂದ ಶುರು ಮಾಡಿ. ತಮಾಷೆ ಅಲ್ಲ. ದೇಶದ ಅತಿ ಒಳ್ಳೆಯ ಆಟಗಾರರು ಬಂದು ಕೂತಿದ್ದರೂ ವುಡನ್ ಮೊದಲ ಪ್ರಾಕ್ಟೀಸಿನಲ್ಲಿ ಕಲಿಸುತ್ತಿದ್ದದ್ದು ಸಾಕ್ಸ್ ಹಾಕುವುದನ್ನು. ಸಾಕ್ಸ್ ಎಳೆದುಕೊಂಡ ಮೇಲೆ ಕಿರುಬೆರಳಿನ ಹತ್ತಿರ, ಹಿಮ್ಮಡಿಯ ಸುತ್ತ ಕೈಯಾಡಿಸಿ ಒಂದು ಸುಕ್ಕೂ ಇಲ್ಲದ ಹಾಗೆ ಸವರಬೇಕು. ಸಾಕ್ಸನ್ನು ಮೇಲಕ್ಕೆ ಎಳೆದು ಹಿಡಿದುಕೊಂಡೇ ಕಾಲನ್ನು ಶೂ ಒಳಗೆ ತೂರಿಸಬೇಕು. ಲೇಸನ್ನು ಮೇಲಿನಿಂದ ಸುಮ್ನೆ ಜಗ್ಗಿ ಕಟ್ಟುವ ಹಾಗಿಲ್ಲ, ಒಂದೊಂದು ತೂತಿನ ಹತ್ತಿರವೂ ಬಿಗಿ ಮಾಡುತ್ತಾ ಬಂದು ಕೊನೆಗೆ ಎರಡು ಗಂಟು. ಕಾರಣ ಇಷ್ಟೇ: ಸುಕ್ಕು ಇದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಆಡಲ್ಲ, ಆಟದ ಮಧ್ಯೆ ಲೇಸ್ ಬಿಚ್ಚಿದರೆ ಆ ಹೊತ್ತಿಗೆ ನಾಲ್ಕೇ ಜನ ಆಡಿದ ಹಾಗೆ. ಶೂ ಸೈಜನ್ನೂ ಕೋಚೇ ನೋಡಬೇಕು. ಹುಡುಗರು ಒಂದು ಸೈಜ್ ದೊಡ್ಡದೇ ಹಾಕಿಕೊಂಡು ಬರುತ್ತಾರೆ, ಒಳಗೆ ಕಾಲು ಜಾರಿದರೆ ಮತ್ತದೇ ಬೊಬ್ಬೆ.

ಇನ್ನು ಪ್ಲಾನ್. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ. ಪ್ರಾಕ್ಟೀಸ್ ಎರಡು ಗಂಟೆ ಅಂದರೆ ಅದರ ತಯಾರಿಗೂ ಸುಮಾರು ಅಷ್ಟೇ ಹೊತ್ತು. ವುಡನ್ ಬೆಳಗ್ಗೆ ಸಹಾಯಕ ಕೋಚ್‌ಗಳ ಜೊತೆ ಕೂತು ಜೇಬಿಗೆ ಹಿಡಿಸುವಂಥ ಚಿಕ್ಕ ಕಾರ್ಡಿನ ಮೇಲೆ ನಿಮಿಷ ನಿಮಿಷದ ಲೆಕ್ಕ ಬರೆಯುತ್ತಿದ್ದರು: ಯಾವ ಡ್ರಿಲ್, ಎಷ್ಟು ನಿಮಿಷ, ಯಾವ ಬಾಸ್ಕೆಟ್ ಹತ್ತಿರ ಯಾರ್ಯಾರು, ಅಲ್ಲಿ ಎಷ್ಟು ಬಾಲ್ ಇರಬೇಕು. ಟೈಮ್ ಆಯಿತು ಅಂದರೆ ಆ ಡ್ರಿಲ್ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಮುಂದಿನದಕ್ಕೆ ಓಟ. ಸಾಲಿನಲ್ಲಿ ನಿಂತು ತನ್ನ ಸರದಿ ಕಾಯುವ ಹುಡುಗ ಒಬ್ಬನೂ ಇರುತ್ತಿರಲಿಲ್ಲ. ನಮ್ಮಲ್ಲಿ ಎರಡು ಬಾಲ್, ಹದಿನೈದು ಹುಡುಗರು ಇರುವಾಗ ಇದು ಕಷ್ಟ ನಿಜ, ಆದರೂ ಬಾಲ್ ಇಲ್ಲದವರಿಗೆ ಡಿಫೆನ್ಸ್ ಸ್ಲೈಡ್ (ಬಗ್ಗಿ ನಿಂತು ಪಕ್ಕಕ್ಕೆ ಸರಿಯುವುದು) ಮಾಡಿಸಬಹುದು, ಪಿವಟ್ (ಒಂದು ಕಾಲು ಊರಿ ತಿರುಗುವುದು) ಮಾಡಿಸಬಹುದು, ಸುಮ್ನೆ ನಿಲ್ಲಿಸುವುದೊಂದು ಬೇಡ. ಹೊಸದನ್ನು ಕಲಿಸುವುದಿದ್ದರೆ ಆರಂಭದಲ್ಲೇ ಕಲಿಸಿ, ಸುಸ್ತಾದ ಮೇಲೆ ತಲೆಗೆ ಏನೂ ಹೋಗಲ್ಲ. ಕೊನೆಗೆ ಹುಡುಗರಿಗೆ ಇಷ್ಟವಾದದ್ದು ಏನಾದರೂ ಇಡಿ, ನಾಳೆ ಬರೋಕೆ ಅವರಿಗೆ ಮನಸ್ಸಾಗಬೇಕು. ಮನೆಗೆ ಹೋಗುವ ಮುಂಚೆ ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ಬರೆದಿಡಿ. ವುಡನ್ ಹಳೆಯ ವರ್ಷಗಳ ಪ್ಲಾನ್‌ಗಳನ್ನೂ ಫೈಲ್ ಮಾಡಿಟ್ಟು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು.

ಮಾತಿನ ವಿಷಯಕ್ಕೆ ಬನ್ನಿ. 1974–75ರಲ್ಲಿ, ಅಂದರೆ ವುಡನ್ ಅವರ ಕೊನೆಯ ಸೀಸನ್‌ನಲ್ಲಿ, ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 15 ಪ್ರಾಕ್ಟೀಸ್ ನೋಡಿ ವುಡನ್ ಆಡಿದ ಮಾತನ್ನೆಲ್ಲ ಗುರುತು ಹಾಕಿಕೊಂಡರು. ಹೊಗಳಿಕೆ ನೂರಕ್ಕೆ ಸುಮಾರು ಏಳು. ಬರೀ ಬೈಗುಳ, ಅಸಮಾಧಾನ, ಅದೂ ಏಳರ ಹತ್ತಿರವೇ. ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ, ಯಾವಾಗ. ಭಾಷಣ ಇಲ್ಲವೇ ಇಲ್ಲ. ತಪ್ಪು ಕಂಡರೆ ಆಟ ನಿಲ್ಲಿಸಿ ಸರಿಯಾದದ್ದನ್ನು ಮಾಡಿ ತೋರಿಸುವುದು, ಆಮೇಲೆ ಹುಡುಗ ಮಾಡಿದ ತಪ್ಪನ್ನು ಹಾಗೇ ಮಾಡಿ ತೋರಿಸುವುದು, ಮತ್ತೆ ಸರಿಯಾದದ್ದು. ಎಲ್ಲ ಸೇರಿ ಐದು ಸೆಕೆಂಡ್ ಕೂಡ ಇಲ್ಲ, ಆಟ ಮತ್ತೆ ಶುರು. ಇದನ್ನು ನೀವೂ ಪರೀಕ್ಷೆ ಮಾಡಿಕೊಳ್ಳಬಹುದು. ಗಾಯವಾಗಿ ಹೊರಗೆ ಕೂತ ಹುಡುಗನ ಕೈಗೆ ಒಂದು ಹಾಳೆ ಕೊಟ್ಟು ಮೂರು ಕಾಲಂ ಹಾಕಿಸಿ: ಹೇಳಿಕೊಟ್ಟಿದ್ದು, ಹೊಗಳಿದ್ದು, ಬೈದದ್ದು. ನೀವು ಬಾಯಿ ತೆಗೆದಾಗಲೆಲ್ಲ ಅವನು ಒಂದು ಗೀಟು ಹಾಕಲಿ. "ಏಯ್, ಎಲ್ಲೋ ನೋಡ್ತಿದ್ದೀಯಾ" ಅನ್ನುವುದು ಹೇಳಿಕೊಟ್ಟಿದ್ದರಲ್ಲಿ ಬರಲ್ಲ, "ಬಲಗಾಲು ಮುಂದಿಡು" ಅನ್ನುವುದು ಬರುತ್ತದೆ. ಮೊದಲ ದಿನದ ಹಾಳೆ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಒಳ್ಳೆಯ ಜಾಗ ಇಲ್ಲ ಅಂತ ಕೂರಬೇಡಿ. 1965ರಲ್ಲಿ ಪೌಲಿ ಪೆವಿಲಿಯನ್ ಅನ್ನುವ ಹೊಸ ಒಳಾಂಗಣ ಕ್ರೀಡಾಂಗಣ ಆಗುವ ತನಕ ಯುಸಿಎಲ್‌ಎ ಹುಡುಗರ ಪ್ರಾಕ್ಟೀಸ್ ನಡೆದದ್ದು ಹಳೆಯ ಜಿಮ್‌ನ ಮೂರನೇ ಮಹಡಿಯಲ್ಲಿ, ಅದೇ ಹಾಲ್‌ನಲ್ಲಿ ಕುಸ್ತಿಯವರು, ಜಿಮ್ನಾಸ್ಟಿಕ್ಸ್‌ನವರು ಕೂಡ ಇರುತ್ತಿದ್ದರು. ನೆಲದ ಧೂಳನ್ನು ವುಡನ್ ತಾವೇ ಪೊರಕೆ ಹಿಡಿದು ಗುಡಿಸುತ್ತಿದ್ದರು. ಮೊದಲ ಎರಡು ಚಾಂಪಿಯನ್‌ಶಿಪ್ ಆ ಹಾಲ್‌ನಲ್ಲೇ ತಯಾರಾದದ್ದು.

ಪ್ಲೇ ಆಮೇಲೆ, ಅದೂ ಇರುವ ಹುಡುಗರನ್ನು ನೋಡಿಕೊಂಡು. 1964ರ ಟೀಮಿನ ಮೊದಲ ಐವರಲ್ಲಿ ಆರಡಿ ಐದಿಂಚಿಗಿಂತ ಎತ್ತರದವರು ಯಾರೂ ಇರಲಿಲ್ಲ. ಸಹಾಯಕ ಕೋಚ್ ಜೆರ್ರಿ ನಾರ್ಮನ್ ಒತ್ತಾಯ ಮಾಡಿ ಫುಲ್ ಕೋರ್ಟ್ ಝೋನ್ ಪ್ರೆಸ್ (ಇಡೀ ಕೋರ್ಟಿನಲ್ಲಿ ಜಾಗ ಹಂಚಿಕೊಂಡು ನಿಂತು ಬಾಲ್ ಇರುವವನ ಮೇಲೆ ಒತ್ತಡ ಹಾಕುವ ಡಿಫೆನ್ಸ್) ಹಾಕಿಸಿದರು, ಎದುರಾಳಿಗಳು ಬಾಲ್ ದಾಟಿಸಲಾಗದೆ ಒದ್ದಾಡಿದರು, ಆ ವರ್ಷ 30ಕ್ಕೆ 30 ಗೆಲುವು. ಮುಂದೆ ಏಳಡಿ ದಾಟಿದ ಲೂ ಅಲ್ಸಿಂಡರ್ ಬಂದಾಗ (ಆಮೇಲೆ ಕರೀಮ್ ಅಬ್ದುಲ್ ಜಬ್ಬಾರ್ ಆದವರು) ಇಡೀ ಅಟ್ಯಾಕನ್ನೇ ಅವರ ಸುತ್ತ ಬದಲಾಯಿಸಿದರು. ಸಹಾಯಕನ ಮಾತು ಕೇಳುವುದಕ್ಕೂ ಧೈರ್ಯ ಬೇಕು, ಅಲ್ವಾ?

ಕಾಯುವುದಕ್ಕೂ ರೆಡಿಯಾಗಿರಿ. ಕೆಂಟುಕಿಯ ಡೇಟನ್ ಹೈಸ್ಕೂಲಿನಲ್ಲಿ ವುಡನ್ ಕೋಚ್ ಆದ ಮೊದಲ ಸೀಸನ್‌ನಲ್ಲಿ ಗೆಲುವಿಗಿಂತ ಸೋಲೇ ಜಾಸ್ತಿ. ಯುಸಿಎಲ್‌ಎಗೆ ಬಂದದ್ದು 1948ರಲ್ಲಿ, ಮೊದಲ ಚಾಂಪಿಯನ್‌ಶಿಪ್ 1964ರಲ್ಲಿ. ಈಗಿನ ಕಾಲದಲ್ಲಾಗಿದ್ದರೆ ಐದನೇ ವರ್ಷಕ್ಕೇ ಮನೆಗೆ ಕಳಿಸುತ್ತಿದ್ದರೇನೋ. ಆ ನಡುವೆ ಪ್ರತಿ ವರ್ಷ ರಜೆಯಲ್ಲಿ ಒಂದೇ ಒಂದು ವಿಷಯ ಹಿಡಿದು, ಉದಾಹರಣೆಗೆ ಫ್ರೀ ಥ್ರೋ, ಸಿಕ್ಕಿದ್ದನ್ನೆಲ್ಲ ಓದಿ, ಬೇರೆ ಕೋಚ್‌ಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಇದಕ್ಕೆ ದುಡ್ಡೂ ಬೇಕಿಲ್ಲ, ನೀವೂ ಮಾಡಬಹುದು.

ಹುಡುಗರ ಪರ ನಿಲ್ಲುವುದೂ ಕೋಚ್ ಕೆಲಸವೇ. 1947ರಲ್ಲಿ ಇಂಡಿಯಾನಾ ಸ್ಟೇಟ್ ಕಾಲೇಜಿನ ಕೋಚ್ ಆಗಿದ್ದಾಗ ರಾಷ್ಟ್ರೀಯ ಟೂರ್ನಿಗೆ ಕರೆ ಬಂತು, ಆದರೆ ಕಪ್ಪು ಆಟಗಾರರಿಗೆ ಅಲ್ಲಿ ಅವಕಾಶ ಇರಲಿಲ್ಲ. ಟೀಮಿನಲ್ಲಿದ್ದ ಕ್ಲಾರೆನ್ಸ್ ವಾಕರ್‌ನನ್ನು ಬಿಟ್ಟು ಹೋಗಲು ವುಡನ್ ಒಪ್ಪಲಿಲ್ಲ. ಮರುವರ್ಷ ಆ ನಿಯಮ ಹೋಯಿತು, ವಾಕರ್ ಆಡಿದ, ಟೀಮ್ ಫೈನಲ್ ತನಕ ಹೋಯಿತು.

ಅವರು ಮಾಡಿದ್ದೆಲ್ಲವನ್ನೂ ಕಣ್ಣು ಮುಚ್ಚಿ ಮಾಡಬೇಡಿ. ಪ್ರಾಕ್ಟೀಸ್ ನಡುವೆ ಹುಡುಗರಿಗೆ ನೀರು ಕುಡಿಯಲು ಬಿಡುತ್ತಿರಲಿಲ್ಲ, ಆ ಕಾಲದಲ್ಲಿ ಅದೇ ಶಿಸ್ತು. ನೀವು ಕುಡಿಯಲು ಬಿಡಿ, ಅದರಲ್ಲೂ ಬೇಸಿಗೆಯಲ್ಲಿ. ಇನ್ನೊಂದು ವಿಷಯ ಅವರ ಭಕ್ತರು ಹೇಳೋದು ಕಡಿಮೆ: ಸ್ಯಾಮ್ ಗಿಲ್ಬರ್ಟ್ ಅನ್ನುವ ಶ್ರೀಮಂತ ಅಭಿಮಾನಿ ಯುಸಿಎಲ್‌ಎ ಆಟಗಾರರಿಗೆ ನಿಯಮ ಮೀರಿ ಸಹಾಯ ಮಾಡುತ್ತಿದ್ದ, ವುಡನ್ ಅದನ್ನು ಕೆದಕಿ ನೋಡಲಿಲ್ಲ ಅನ್ನುವ ಟೀಕೆ ಇವತ್ತಿಗೂ ಇದೆ. ನಿಮ್ಮ ಹುಡುಗರಿಗೆ ಶೂ ಕೊಡಿಸುತ್ತಿರುವವರು ಯಾರು, ಹಾಸ್ಟೆಲ್ ಫೀಸ್ ಕಟ್ಟುತ್ತಿರುವವರು ಯಾರು, ಬದಲಿಗೆ ಏನು ಕೇಳುತ್ತಿದ್ದಾರೆ ಅಂತ ಸೀಸನ್ ಶುರುವಾಗುವ ಮುಂಚೆಯೇ ಕೂರಿಸಿ ಕೇಳಿಬಿಡಿ.