ದುರ್ಗದ ಕಥೆ ಓದಬೇಕಾ? ನೀರಿನ ಜಾಡು ಹಿಡಿಯಿರಿ

ನಮ್ಮ ಬೀಗರು ಕುಂದಾಪುರದವರು. ಮದುವೆ ಆದಮೇಲೆ ಮೊದಲ ಸಲ ಚಿತ್ರದುರ್ಗಕ್ಕೆ ಬಂದಾಗ ಬೀಗಿತ್ತಿ ಕಿಟಕಿಯಾಚೆ ನೋಡಿ ಕೇಳಿದರು: "ನಮ್ಮಲ್ಲಿ ಸಮುದ್ರ ಇತ್ತು, ಹಡಗು ಬಂತು, ವ್ಯಾಪಾರ ಬಂತು, ಊರಾಯ್ತು. ಇಲ್ಲಿ ಬರೀ ಬಂಡೆ ಅಲ್ವಾ ಮಾರಾಯ್ರೆ, ಜನ ಯಾಕೆ ಬಂದು ಕೂತರು?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ನೆಂಟರು ಯಾರೇ ಬಂದರೂ ಒಂದೂವರೆ ದಿನದ ಸುತ್ತಾಟದಲ್ಲಿ ಉತ್ತರ ತೋರಿಸುತ್ತೇನೆ. ನೀವೂ ಮಾಡಬಹುದು. ಮಳೆಗಾಲ ಮುಗಿದ ಮೇಲೆ ಬನ್ನಿ, ಹೊಂಡಗಳಲ್ಲಿ ನೀರಿರುತ್ತದೆ.

ಮೊದಲು ಕೋಟೆಗೆ ಹೋಗಬೇಡಿ. ಎಲ್ಲರೂ ಅಲ್ಲಿಗೇ ಓಡುತ್ತಾರೆ, ಕಥೆಯನ್ನು ನಡುವಿನಿಂದ ಓದಿದ ಹಾಗಾಗುತ್ತದೆ. ಬೆಳಗ್ಗೆ ಏಳಕ್ಕೆಲ್ಲ ಚಂದ್ರವಳ್ಳಿಗೆ ಹೋಗಿ. ಬೆಟ್ಟಗಳ ನಡುವಿನ ತಗ್ಗು ಅದು, ಸುತ್ತಲ ಮಳೆ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಕೆರೆ ಏರಿಯ ಮೇಲೆ ಐದು ನಿಮಿಷ ಸುಮ್ನೆ ನಿಂತರೆ ಸಾಕು, ಜನ ಯಾಕೆ ಇಲ್ಲಿ ನೆಲೆ ನಿಂತರು ಅನ್ನೋದು ಯಾರೂ ಹೇಳದೆ ಗೊತ್ತಾಗುತ್ತದೆ. ಹಳೇ ಕಾಲದ ಕುರುಹು ಹುಡುಕುವ ಪುರಾತತ್ವ ತಜ್ಞರು, 1929ರಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್, ಇಲ್ಲಿ ಅಗೆಸಿದರು. ಶಾತವಾಹನರ ನಾಣ್ಯ ಸಿಕ್ಕವು. ಜೊತೆಗೆ ರೋಮ್ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕವು. ಇದನ್ನು ಹೇಳಿದಾಗ ಬೀಗಿತ್ತಿ ತಿರುಗಿ ನೋಡಿದರು. "ನಿಮ್ಮ ಸಮುದ್ರದ ವ್ಯಾಪಾರ ನಮ್ಮ ಬಂಡೆವರೆಗೂ ಬಂದಿತ್ತು" ಅಂದೆ. ಸ್ವಲ್ಪ ಜಂಬದಲ್ಲೇ ಅಂದೆ.

ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಮೂರು ಸಾಲಿನ ಶಾಸನ ಇದೆ. ಕದಂಬರ ಮಯೂರಶರ್ಮನದು, 4ನೇ ಶತಮಾನದ್ದು. ಭಾಷೆ ಪ್ರಾಕೃತ, ಅಕ್ಷರ ಬ್ರಾಹ್ಮಿ. ನಮಗೆ ಓದೋಕೆ ಬರುವುದಿಲ್ಲ, ಆದರೂ ಬಗ್ಗಿ ನೋಡಿ. ಅವನು ಗೆದ್ದ ರಾಜಮನೆತನಗಳ ಹೆಸರುಗಳೂ ಅದರಲ್ಲಿವೆ. ಆದರೆ ಬರೆಸಿದ್ದು ಯಾವುದಕ್ಕೆ ಅಂದರೆ, ಕೆರೆ ಕಟ್ಟಿಸಿದ್ದಕ್ಕೆ! ಅಂಕಲಿ ಮಠದ ಗುಹೆಗೂ ಇಳಿಯುವುದಾದರೆ ಟಾರ್ಚ್ ಇರಲಿ. ಮೊಬೈಲ್ ಬೆಳಕು ಸಾಲುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗಿ. ಒಮ್ಮೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬೀಗರನ್ನು ಕೋಟೆ ಹತ್ತಿಸಿ ಬೈಸಿಕೊಂಡಿದ್ದೇನೆ. ಕಾದ ಬಂಡೆ ಮೇಲೆ ಅವರು ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದಾಗಲೇ ಕೋತಿ ಬಂದು ಮಂಡಕ್ಕಿ ಪೊಟ್ಟಣ ಕಿತ್ತುಕೊಂಡು ಹೋಯಿತು. ತಿಂಡಿ ಬ್ಯಾಗಿನ ಒಳಗೇ ಇರಲಿ.

ಮೂರೂವರೆಗೆ ಕೋಟೆ ಹತ್ತಿ. ಏಳು ಸುತ್ತಿನ ಗೋಡೆ, ಬಾಗಿಲು, ಬತೇರಿ ಎಲ್ಲಾ ನೋಡಿ, ಬೇಡ ಅನ್ನಲ್ಲ. ಆದರೆ ಕಣ್ಣು ನೆಲದ ಮೇಲಿರಲಿ. ಮಳೆ ನೀರು ಮೇಲೆ ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅಲ್ಲಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಪಂಪ್ ಇಲ್ಲ, ಪೈಪ್ ಇಲ್ಲ. ಇಳಿಜಾರೇ ಎಲ್ಲ ಮಾಡುತ್ತದೆ. 16ನೇ ಶತಮಾನದಿಂದ ದುರ್ಗವನ್ನಾಳಿದ ನಾಯಕರು ಇಲ್ಲಿ ಕೂತು ಮುತ್ತಿಗೆ ಮೇಲೆ ಮುತ್ತಿಗೆ ತಾಳಿಕೊಂಡಿದ್ದರಲ್ಲ, ಗೋಡೆ ಎಷ್ಟು ಗಟ್ಟಿ ಇದ್ದರೂ ಕುಡಿಯೋಕೆ ನೀರಿಲ್ಲದೆ ಅದು ಆಗುತ್ತಿತ್ತಾ?

ಓಬವ್ವನ ಕಿಂಡಿಗೆ ಬಂದಾಗ ಎಲ್ಲರೂ ಒನಕೆ ನೆನೆಸಿಕೊಳ್ಳುತ್ತಾರೆ. ಅವಳು ಅಲ್ಲಿಗೆ ಬಂದದ್ದು ಯಾಕೆ? ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಬಂದಳು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರುವುದು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ತಣ್ಣೀರು ದೋಣಿ ಅನ್ನೋ ನೀರಿನ ತಾಣ ಇದೆ, ಬಗ್ಗಿ ನೋಡಿ. ಜನ ಕಿಂಡಿ ಮುಂದೆ ಫೋಟೋ ತೆಗೆಸಿಕೊಂಡು ಅದನ್ನು ದಾಟಿ ಹೋಗಿಬಿಡುತ್ತಾರೆ, ನನಗೆ ಬೇಜಾರು. ಮುಂದೆ 1779ರಲ್ಲಿ ಕೋಟೆ ಹೈದರನ ಕೈಸೇರಿತು, ಮದಕರಿ ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ.

ಮಾರನೇ ದಿನ ಹಿರಿಯೂರಿನ ಕಡೆ ಮಾರಿಕಣಿವೆಗೆ ಹೋಗಿ. ಅಲ್ಲಿರುವುದು ವೇದಾವತಿ ನದಿಗೆ ಅಡ್ಡ ಕಟ್ಟಿದ ವಾಣಿ ವಿಲಾಸ ಸಾಗರ, 1907ರಲ್ಲಿ ಮುಗಿದದ್ದು. 130 ಅಡಿ ತುಂಬಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಬಿದ್ದದ್ದು, ಆಮೇಲೆ 2022ರಲ್ಲೇ, ಮತ್ತೆ 2025ರಲ್ಲಿ. 2022ರಲ್ಲಿ ಜಾತ್ರೆಗೆ ಹೋದ ಹಾಗೆ ಜನ ಹೋದರು. ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು.

ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ಬಸ್ಸು ಬೇಡ. ನಿಮ್ಮ ಬೀದಿಯ ಅತ್ಯಂತ ಹಿರಿಯರ ಹತ್ತಿರ ಕೂತು, ನಲ್ಲಿ ಬರುವ ಮೊದಲು ನೀರು ಎಲ್ಲಿಂದ ತರುತ್ತಿದ್ದಿರಿ ಅಂತ ಕೇಳಿ. ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ದಾರಿ ಕೇಳಿ, ಯಾರ ಜೊತೆ ಹೋಗುತ್ತಿದ್ದಿರಿ ಅಂತ ಕೇಳಿ. ನಾನು ನಮ್ಮತ್ತೆಯನ್ನು ಕೇಳಿದೆ. ಅವರು ಮಾತಾಡದೆ ಅಟ್ಟದ ಕಡೆ ಕೈ ತೋರಿಸಿದರು. ಇಳಿಸಿ ನೋಡಿದರೆ ಹಿತ್ತಾಳೆ ಕೊಡ, ಒಂದು ಕಡೆ ಅಂಗೈಯಗಲ ನೆಗ್ಗಿದೆ. "ಸಿಹಿನೀರು ಹೊಂಡದ ಮೆಟ್ಟಿಲು," ಅಂದರು, "ನೀನಿನ್ನೂ ಹುಟ್ಟಿರಲಿಲ್ಲ."